ಚಕ್ರವಿಲ್ಲದ ವಾಹನದ ಖರ್ಚುವೆಚ್ಚ

ನಮ್ಮ ಚಿಕ್ಕಪ್ಪ ಹೆಲಿಕಾಪ್ಟರ್ ಕೊಳ್ಳದೆ ಉಳಿದದ್ದು ದುಡ್ಡಿಲ್ಲದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಲ್ಲಿಸಲು ಜಾಗ ಸಿಗಲಿಲ್ಲ, ಅಷ್ಟೆ!

ಪೀಣ್ಯದಲ್ಲಿ ಅವರದೊಂದು ಪುಟ್ಟ ಲೇತ್ ಶೆಡ್ಡು, ಹಿಂದೆಯೇ ಬಾಡಿಗೆ ಮನೆ. ತೊಂಬತ್ತರ ದಶಕದ ಆ ದಿನಗಳಲ್ಲಿ ಅವರ ಓರಗೆಯವರು ಹಳೆಯ ಕಾರೊಂದು ಸಿಕ್ಕರೆ ಸಾಕೆನ್ನುತ್ತಿದ್ದರು. ಇವರೋ ಸಂಜೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತ ಕೂರುತ್ತಿದ್ದರು. ಕಾರ್ಖಾನೆಗಳ ಹೊಗೆಯೊಳಗೆ ಸೂರ್ಯ ಬೆಲ್ಲದಂತೆ ಕರಗುವ ಹೊತ್ತಿಗೆ ಅವರ ಕಣ್ಣೊಳಗೆ ರೆಕ್ಕೆ ತಿರುಗತೊಡಗುತ್ತಿತ್ತು.

"ಕೊಳ್ಳೋದು ದೊಡ್ಡದಲ್ಲ ಕಣೋ, ಸಾಕೋದು ಕಷ್ಟ" ಎನ್ನುತ್ತಿದ್ದರು, ಥೇಟ್ ಎಮ್ಮೆ ವ್ಯಾಪಾರಕ್ಕೆ ಹೊರಟವರಂತೆ!

ಮೊದಲ ಚಿಂತೆ ಜಾಗದ್ದು. ಮನೆ ಮಾಲೀಕರಾದ ಗೌಡರನ್ನೇ ಕೇಳಿಬಿಟ್ಟರು: "ತಾರಸಿ ಮೇಲೆ ಒಂದು ಹೆಲಿಕಾಪ್ಟರ್ ನಿಲ್ಸಿದ್ರೆ ಏನಂತೀರಿ?"

ಗೌಡರು ಗಾಬರಿಯಾದರೇ? ಬೆಂಗಳೂರಿನ ಮನೆ ಮಾಲೀಕರು ಯಾವುದಕ್ಕೆ ಗಾಬರಿಯಾಗುತ್ತಾರೆ! "ಅಂಗಾದ್ರೆ ಅಡ್ವಾನ್ಸು ಜಾಸ್ತಿ ಆಯ್ತದೆ ಸಾರ್. ಆಮೇಲೆ, ನಮ್ಮನೆಯೋರು ಮೇಲೆ ಅಪ್ಪಳ ಒಣಗಾಕ್ತಾರೆ. ಆ ಗಾಳಿಗೆ ಒಂದ್ ಅಪ್ಪಳ ಆರೋದ್ರೂ ನೀವೇ ಜವಾಬ್ದಾರ್ರು."

ಆಮೇಲೆ ಇಂಧನ. ಅದು ಸೀಮೆಎಣ್ಣೆಯ ದಾಯಾದಿ ಎಂದು ಯಾರೋ ಹೇಳಿದ್ದರು. ಚಿಕ್ಕಪ್ಪ ರೇಷನ್ ಕಾರ್ಡು ಹುಡುಕತೊಡಗಿದರು.

"ಅದನ್ನ ಗಾಳಿಗೆ ಸುರಿದ್ರೆ ಸ್ಟೌವಿಗೇನು ನಿಮ್ಮ ತಲೆ ಹಾಕ್ಲಾ?" ಎಂದರು ಒಳಗಿನಿಂದ ಚಿಕ್ಕಮ್ಮ.

"ನೋಡೋ, ಇವಳೂ ಲೆಕ್ಕಕ್ಕೆ ಸೇರಿಕೊಂಡಳು!" ಎಂದು ಚಿಕ್ಕಪ್ಪ ಹಿಗ್ಗಿದರು.

ಆಯುಧಪೂಜೆಯ ಹಿಂದಿನ ಸಂಜೆ ಚಿಕ್ಕಪ್ಪನನ್ನು ರೇಗಿಸಲು ಹೋಗಿ ನಾನೇ ಕೇಳಿದೆ: "ಹೆಲಿಕಾಪ್ಟರಿಗೆ ಪೂಜೆ ಮಾಡಿದ್ರೆ ನಿಂಬೆಹಣ್ಣು ಯಾವ ಚಕ್ರದ ಕೆಳಗೆ ಇಡ್ತೀರಿ ಚಿಕ್ಕಪ್ಪ?"

"ನಾ ನೋಡಿರೋದಕ್ಕೆ ಚಕ್ರ ಇಲ್ಲ ಕಣೋ" ಎಂದರು ಮೆಲ್ಲಗೆ. "ಅದೇ ಅದರ ದೊಡ್ಡ ಗುಣ."

ಇಬ್ಬರೂ ನಗಲಿಲ್ಲ.

ಹಿಂದಿನ ವರ್ಷ ಹಬ್ಬದ ಮಾರನೆಯ ದಿನ ಚಿಕ್ಕಪ್ಪ ಚಿಕ್ಕಮ್ಮ ಸ್ಕೂಟರಿನಲ್ಲಿ ಕಾಡುಗೋಡಿಗೆ, ಚಿಕ್ಕಮ್ಮನ ತಾಯಿಯನ್ನು ನೋಡಲು ಹೊರಟಿದ್ದರು. ನಾನು ಮೊಪೆಡ್ಡಿನಲ್ಲಿ ಹಿಂದೆ. ಪ್ರತಿ ಶೆಡ್ಡಿನ ಮುಂದೆಯೂ ರಸ್ತೆಗೆ ಒಡೆದ ಬೂದುಗುಂಬಳದ ಹೋಳುಗಳು, ಕುಂಕುಮ ಮೆತ್ತಿಕೊಂಡು ಲೋಳೆಯಾಗಿ ಬಿದ್ದಿದ್ದವು. ಸ್ಕೂಟರ್ ಒಮ್ಮೆ ಜಾರಿತು, ಮತ್ತೆ ನೆಟ್ಟಗಾಯಿತು. ಚಿಕ್ಕಮ್ಮ ಮಾತ್ರ ರಸ್ತೆಯಲ್ಲಿದ್ದರು. ಎದುರಿನಿಂದ ಬಂದ ಲಾರಿಯ ಬ್ರೇಕು ಕಿರುಚಿತು. ನಾನು ಓಡಿಹೋಗಿ ನೋಡಿದರೆ, ಅದರ ಮುಂದಿನ ಚಕ್ರ ಚಿಕ್ಕಮ್ಮನ ಜಡೆಯ ತುದಿಯ ಮೇಲೆ ನಿಂತಿತ್ತು. ಡ್ರೈವರು ಲಾರಿ ಹಿಂದಕ್ಕೆ ತೆಗೆಯುವವರೆಗೂ ಅವರು ತಲೆ ಎತ್ತುವಂತಿರಲಿಲ್ಲ.

ಚಿಕ್ಕಪ್ಪ ಹೆಂಡತಿ ಹಿಂದೆಯೇ ಇದ್ದಾಳೆಂದು ಮಾತಾಡುತ್ತಲೇ ಮುಂದೆ ಹೋಗಿದ್ದರು. ತಿರುವಿನಲ್ಲಿ "ಅಲ್ವೇನೇ?" ಎಂದು ಕೇಳಿದ್ದಾರೆ. ಉತ್ತರ ಬರಲಿಲ್ಲ. ಆಗ ತಿರುಗಿ ನೋಡಿದರು.

ಆ ಬ್ರೇಕಿನ ಸದ್ದು ನನಗೆ ಈಗಲೂ ಮಿಕ್ಸಿ ಹಾಕಿದರೆ ಕೇಳುತ್ತದೆ. ಚಿಕ್ಕಮ್ಮನಂತೂ ಚಕ್ರವಿರುವ ಯಾವುದನ್ನೂ ಹತ್ತುವುದಿಲ್ಲ ಎಂದುಬಿಟ್ಟರು. ಅವರ ತಾಯಿ ಹಾಸಿಗೆ ಹಿಡಿದಿದ್ದರು. ಪೀಣ್ಯ ಊರಿನ ಈ ತುದಿ, ಕಾಡುಗೋಡಿ ಆ ತುದಿ. ನಡೆದು ಹೋಗುವ ದಾರಿಯೇ? ದೋಣಿಯಲ್ಲಿ ಹೋಗೋಣವೆಂದರೆ ಬೆಂಗಳೂರಿಗೆ ನದಿಯಿಲ್ಲ. ಇನ್ನು ಉಳಿದದ್ದೇನು, ನೀವೇ ಹೇಳಿ!

ನಿಂಬೆಹಣ್ಣಿನ ಮಾತು ಬಂದ ಆ ಸಂಜೆ ಚಿಕ್ಕಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಅದರಲ್ಲಿ ನಾನೆಲ್ಲಿ ಕೂರ್ಬೇಕು? ಹಿಂದೇನಾ?"

"ಹಿಂದೆ ಯಾಕೆ?" ಚಿಕ್ಕಪ್ಪ ಎದ್ದು ನಿಂತರು. "ಪಕ್ಕದಲ್ಲೇ ಕಣೇ. ತಿರುಗಿದ್ರೆ ನಿನ್ನ ಮುಖ ಕಾಣ್ಬೇಕು."

ಚಿಕ್ಕಮ್ಮ ತಲೆಯೆತ್ತಿ ಆಕಾಶ ನೋಡಿದರು. ಆಮೇಲೆ, "ಆಟೋದಲ್ಲೂ ಪಕ್ಕದಲ್ಲೇ ಕೂರ್ಬಹುದಲ್ವಾ?" ಎಂದರು.

ಹಬ್ಬದ ಮಾರನೆಯ ಬೆಳಿಗ್ಗೆ ಬಾಗಿಲಿಗೆ ಆಟೋ ಬಂದಾಗ ಚಿಕ್ಕಪ್ಪ ಪೊರಕೆ ಹಿಡಿದು, ಸಾಲಿನ ಅಷ್ಟೂ ಶೆಡ್ಡುಗಳ ಮುಂದೆ ಕುಂಬಳದ ಹೋಳು ಗುಡಿಸುತ್ತಿದ್ದರು.

"ಏನ್ ಸಾರ್, ಹೆಲಿಕಾಪ್ಟರ್ ಇಳಿಯುತ್ತಾ?" ಎಂದು ಪಕ್ಕದ ಶೆಡ್ಡಿನವನು ನಕ್ಕ.

"ಇಳಿಯಲ್ಲ ಗುರು, ಏರುತ್ತೆ!"

ನಾನು ಮೊಪೆಡ್ಡಿನಲ್ಲಿ ಹಿಂಬಾಲಿಸಿದೆ. ಮೊದಲ ಸಿಗ್ನಲ್ಲಿನಲ್ಲಿ ಆಟೋ ಪಕ್ಕ ನಿಂತೆ. ಚಿಕ್ಕಪ್ಪ ಡ್ರೈವರಿಗೆ ಹೆಲಿಕಾಪ್ಟರಿನ ಖರ್ಚು ವಿವರಿಸುತ್ತಿದ್ದರು. ಚಿಕ್ಕಮ್ಮನ ಜಡೆಯ ತುದಿ ಚಿಕ್ಕಪ್ಪನ ಮುಷ್ಟಿಯಲ್ಲಿತ್ತು.

"ಅಲ್ವೇನೇ?" ಎಂದು ತಿರುಗಿದರು.

"ಹೂಂ" ಎಂದರು ಚಿಕ್ಕಮ್ಮ.