ನಮ್ಮ ಕಡೆಯ ತಟ್ಟೆ ಸೋತ ಬೆಳಿಗ್ಗೆ

ಮಿಜೊಬುಚಿ: ಒಳಗೆ ಬರ್ಬೇಡಿ! ಅಲ್ಲೇ ನಿಂತ್ಕೊಂಡು ಕೇಳಿ. ಅದು ಸೋತಿದ್ದು ನನ್ನಿಂದಲ್ಲ, ನಿಮ್ಮಿಂದ!

ತೊರಿಗೊಯೆ: ನಾನಿನ್ನೂ ಬಾಯೇ ಬಿಟ್ಟಿಲ್ವಲ್ರೀ.

ಮಿಜೊಬುಚಿ: ಬಾಯಿ ಯಾಕೆ ಬಿಡ್ಬೇಕು? ಬಟ್ಟೆ ನೋಡಿದ್ರೆ ಗೊತ್ತಾಗಲ್ವಾ? ಬೆಳಿಗ್ಗೆ ಒಂಬತ್ತು ಗಂಟೆಗೆ ಕರೀ ಸೂಟು! ನನ್ನಂಗಡಿ ಬಾಗಿಲಲ್ಲಿ ಸೂತಕ ಆಚರಿಸೋಕೆ ಬಂದ್ರಾ?

ಜಪಾನಿನ ಕುರಾಯೋಶಿಯ ಹಳೇ ಬೀದಿಯಲ್ಲಿ, ಮಿಜೊಬುಚಿಯ ಟಿವಿ ಅಂಗಡಿಯ ಮುಂದೆ, ಮೊಣಕಾಲೆತ್ತರ ಹಿಮ ಬಿದ್ದಿತ್ತು. ತೊರಿಗೊಯೆಯ ಬೂಟಿನಲ್ಲಿ ಹಿಮ, ಮೈಮೇಲೆ ಕರೀ ಸೂಟು, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಚಪ್ಪಟೆ ಗಂಟು. ಆ ಗಂಟನ್ನು ಕಂಡೇ ಮಿಜೊಬುಚಿ ಕೂಗಾಡಲು ಶುರುಮಾಡಿದ್ದ. ಹಿಂದಿನ ಸಂಜೆ ಟಿವಿ ವಾರ್ತೆಯಲ್ಲಿ ದೊಡ್ಡ ಕಂಪನಿಯ ದೊಡ್ಡ ಮನುಷ್ಯನೊಬ್ಬ, ಎಚ್‌ಡಿ ಡಿವಿಡಿ ಎಂಬ ಸಿನಿಮಾ ತಟ್ಟೆಯ ಯಂತ್ರಗಳನ್ನು ಇನ್ನು ಮಾಡುವುದಿಲ್ಲ ಎಂದು ಹೇಳಿಬಿಟ್ಟಿದ್ದ. ಗೆದ್ದದ್ದು ಎದುರಾಳಿ ಬ್ಲೂ-ರೇ. ಎರಡು ವರ್ಷದಿಂದ ಮಿಜೊಬುಚಿ ಊರಿಗೆಲ್ಲ ಹೊಗಳಿದ್ದು ಸೋತದ್ದನ್ನು. ಊರೆಲ್ಲ ಕೇಳಿತ್ತು, ಕೊಂಡವನು ಮಾತ್ರ ಒಬ್ಬನೇ, ಹುಲ್ಲುಚಾಪೆ ಹೆಣೆಯುವ ಈ ತೊರಿಗೊಯೆ. ಈಗ ಅವನು ಯಂತ್ರವನ್ನು ಗಂಟು ಕಟ್ಟಿಕೊಂಡು ಜಗಳಕ್ಕೆ ಬಂದಿದ್ದಾನೆ ಎಂದು ಮಿಜೊಬುಚಿ ತಿಳಿದ. ಪಾಪ, ತೊರಿಗೊಯೆ ಆ ವಾರ್ತೆಯನ್ನು ನೋಡಿಯೇ ಇರಲಿಲ್ಲ. ಅವನು ಬಂದದ್ದು ತನ್ನ ಎರಡನೇ ಮದುವೆಯ ಮಾತಿಗೆ.

ತೊರಿಗೊಯೆ: ನೋಡಿ, ನನಗೆ ಹನ್ನೊಂದು ಗಂಟೆಗೆ ಹೋಗ್ಬೇಕು. ಎರಡರಲ್ಲಿ ಯಾವುದು ಅಂತ ನೀವೊಂದು ಮಾತು ಹೇಳ್ಬಿಟ್ರೆ...

ಮಿಜೊಬುಚಿ: ಎರಡೆಲ್ಲಿದೆ? ಒಂದು ಸತ್ತೋಯ್ತಲ್ಲ!

ತೊರಿಗೊಯೆ: ಏನಂದ್ರಿ?

ಮಿಜೊಬುಚಿ: ನಿನ್ನೆ ಸಂಜೆ ಸತ್ತೋಯ್ತು. ಟಿವಿಲೂ ಬಂತು.

ತೊರಿಗೊಯೆ: ಅಯ್ಯಯ್ಯೋ! ಟಿವಿಲಿ ಬರೋ ಅಂಥ ಸಾವಾ? ಯಾವುದು? ಎರಡರಲ್ಲಿ ಯಾವುದು?

ಮಿಜೊಬುಚಿ: ಇನ್ಯಾವುದು, ನಮ್ಮ ಕಡೇದು.

ತೊರಿಗೊಯೆ: ನದಿ ಈಚೆ ಕಡೇದಾ! ನಿನ್ನೆ ಮಧ್ಯಾಹ್ನ ನನ್ನ ಕಣ್ಣಾರೆ ನೋಡಿದೆ, ಗುಂಡುಕಲ್ಲಿನ ಹಾಗಿದ್ರು!

ಮಿಜೊಬುಚಿ: ಹೊರಗಿಂದ ಹಾಗೇ ಕಾಣೋದು. ಒಳಗೆ ತಿಂಗಳಿಂದ ಜೀವ ಇರ್ಲಿಲ್ಲ. ಹೊಸ ವರ್ಷದ ಮೊದಲ ವಾರ ಅಮೆರಿಕದ ಸಿನಿಮಾದವರು ಕೈಬಿಟ್ರಲ್ಲ, ಆವತ್ತೇ ಉಸಿರು ಹೋಯ್ತು.

ತೊರಿಗೊಯೆ: ಅವರಿಗೆ ಅಮೆರಿಕದ ಸಿನಿಮಾದವರ ಸಹವಾಸನೂ ಇತ್ತಾ?

ತೊರಿಗೊಯೆ ಬಾಗಿಲ ಬಳಿಯ ಬಟ್ಟೆ ಒಗೆಯುವ ಯಂತ್ರದ ಮೇಲೆ ಕುಸಿದು ಕೂತ. ಒಳಗಿನಿಂದ ಮಿಜೊಬುಚಿಯ ಹೆಂಡತಿ ಹಾತ್ಸುಮಿ ಚಹಾ ತಟ್ಟೆ ಹಿಡಿದು ಬಂದಳು.

ಹಾತ್ಸುಮಿ: ರೀ, ಕಣ್ಣು ಬಿಟ್ಟು ನೋಡ್ರಿ. ಅವರ ಜೇಬಲ್ಲಿರೋದು ಬಿಳೀ ಟೈ, ಮದುವೆಗೆ ಕಟ್ಟೋದು. ಸಾವಿಗೆ ಬಂದೋರು ಬಿಳೀ ಟೈ ತರ್ತಾರಾ? ಅವರು ಹೆಣ್ಣು ನೋಡೋಕೆ ಹೊರಟಿದಾರೆ. ಅಲ್ಲ ತೊರಿಗೊಯೆ ಅವರೇ, ಹೆಣ್ಣು ನೋಡೋಕೇ ಮದುವೆ ಟೈ ಯಾಕೆ?

ತೊರಿಗೊಯೆ: ಇಬ್ಬರಿದ್ರು. ಒಬ್ಬರಾದ್ರೂ ಹೂಂ ಅಂತಾರೆ ಅಂತ ತಂದಿಟ್ಕೊಂಡಿದ್ದೆ. ಈಗ ನೋಡಿದ್ರೆ ಶ್ಯಾವಿಗೆ ಅಂಗಡಿ ಕಿಯೋ ಅವರು ಹೋಗ್ಬಿಟ್ರಂತಲ್ಲ!

ಹಾತ್ಸುಮಿ: ಯಾರು ಹೇಳಿದ್ದು? ಈಗ ತಾನೇ ಅಂಗಡಿ ಮುಂದೆ ಹಿಮ ತೋಡ್ತಾ ನಮ್ಮ ಕಡೆಗೇ ಎಸೀತಿದ್ರು. ನಾನು ಕಿಟಕಿ ತೆಗೆದು ಬೈದು ಬಂದೆ.

ಮಿಜೊಬುಚಿ: ನಾನು ಹೇಳಿದ್ದು ತಟ್ಟೆ ವಿಷಯ ಕಣ್ರೀ! ಎಚ್‌ಡಿ ಡಿವಿಡಿ!

ತೊರಿಗೊಯೆ: ಓ, ತಟ್ಟೆನಾ! ಸದ್ಯ, ಬದುಕಿದೆ ನಾನು!

ತೊರಿಗೊಯೆ ಎದೆ ನೀವಿಕೊಂಡು ಜೋರಾಗಿ ನಕ್ಕ. ಆ ನಗು ಮಿಜೊಬುಚಿಯ ಹೊಟ್ಟೆಗೆ ಬೆಂಕಿ ಇಟ್ಟಿತು. ರಾತ್ರಿಯೆಲ್ಲ ನಿದ್ದೆಗೆಟ್ಟವನ ಎದುರು ಹೀಗೆ ನಗುವುದೇ?

ಮಿಜೊಬುಚಿ: ನಗ್ರಿ, ನಗ್ರಿ. ಕೊಂದವರು ನಗದೆ ಇನ್ಯಾರು ನಗ್ಬೇಕು? ಎಪ್ಪತ್ತೊಂಬತ್ತರಲ್ಲಿ ನೀವು ಚಿಕ್ಕ ಕ್ಯಾಸೆಟ್ಟಿನ ಬೀಟಾ ವಿಡಿಯೋ ತಗೊಂಡ್ರಿ. ಸತ್ತಿತು. ಎಂಬತ್ತಮೂರರಲ್ಲಿ ಡಬ್ಬಿಯೊಳಗಿನ ತಟ್ಟೆ, ಮುಳ್ಳು ತಾಗಿಸಿ ಓದೋದು, ಅದನ್ನ ತಗೊಂಡ್ರಿ. ಅದೂ ಸತ್ತಿತು. ಈಗ ಇದು. ನೀವು ಕೈ ಹಾಕಿದ್ದಕ್ಕೆಲ್ಲ ಮಣ್ಣು!

ತೊರಿಗೊಯೆ: ನಮ್ಮನೇಲಿ ಎಲ್ಲಾನೂ ನೆಟ್ಟಗೇ ಓಡ್ತಿವೆ. ಸತ್ತಿದ್ದು ಹೊರಗಡೆ. ಅಲ್ಲ, ನಿಜವಾಗ್ಲೂ ಯಾಕೆ ಸೋತಿತು?

ಮಿಜೊಬುಚಿ: ಏನ್ ಹೇಳ್ಲಿ. ಅವರ ತಟ್ಟೆ ಒಂದು ಪದರದಲ್ಲಿ ಇಪ್ಪತ್ತೈದು ಹಿಡಿಯುತ್ತೆ, ನಮ್ಮದು ಹದಿನೈದು.

ತೊರಿಗೊಯೆ: ಹದಿನೈದು ಚಾಪೆ ಹಾಸೋ ಜಾಗ ಅಂದ್ರೆ ದೊಡ್ಡ ಹಜಾರನೇ ಆಯ್ತಲ್ರೀ! ನಾನಿರೋದು ಆರು ಚಾಪೆ ಕೋಣೇಲಿ.

ಮಿಜೊಬುಚಿ: ಚಾಪೆ ಅಲ್ಲಯ್ಯಾ! ಗಿಗಾಬೈಟು!

ತೊರಿಗೊಯೆ: ಏನಾದ್ರೂ ಇರ್ಲಿ. ಅಷ್ಟು ಜಾಗ ಇಟ್ಕೊಂಡು ಏನು ಹಾಸ್ತಾರೆ?

ಮಿಜೊಬುಚಿ: ಅದಷ್ಟೇ ಅಲ್ಲ. ಅವರು ಹುಡುಗರಾಡೋ ಆಟದ ಪೆಟ್ಟಿಗೆ ಹೊಟ್ಟೆಯೊಳಗೇ ತಮ್ಮ ಯಂತ್ರ ತುರುಕಿಬಿಟ್ರು. ಆಟ ಆಡ್ತೀವಿ ಅಂತ ಜನ ಮನೆಗೆ ತಂದ್ರು, ಜೊತೆಗೆ ಶತ್ರುನೂ ಒಳಗೆ ಬಂದ. ನಾವು ಮರ್ಯಾದಸ್ಥರು, ಮುಂಬಾಗಿಲಲ್ಲಿ ಬೆಲ್ ಒತ್ತಿ ನಿಂತಿದ್ವಿ.

ಹಾತ್ಸುಮಿ: ಅದೆಲ್ಲ ಅಲ್ಲ. ಹೆಸರು. ಬ್ಲೂ-ರೇ ಅಂದ್ರೆ ಆಕಾಶ, ಬೆಳಕು, ಏನೋ ಒಂದು ಕಣ್ಣ ಮುಂದೆ ಬರುತ್ತೆ. ಎಚ್‌ಡಿ ಡಿವಿಡಿ! ನಮ್ಮತ್ತೆ ಅದನ್ನ ಹೇಳೋಕೆ ಹೋಗಿ ಎರಡು ಸಲ ಹಲ್ಲುಸೆಟ್ಟು ಬೀಳಿಸ್ಕೊಂಡ್ರು.

ಮಿಜೊಬುಚಿ: ಸುಮ್ನಿರೇ. ಹೆಸರಿಂದ ಯಾರೂ ಸೋಲಲ್ಲ. ಸೋಲೋದು ಇವರಂಥ ಗಿರಾಕಿಗಳಿಂದ.

ಹಾತ್ಸುಮಿ ಚಹಾ ತಟ್ಟೆಯನ್ನು ಒಂದು ಪೆಟ್ಟಿಗೆಯ ಮೇಲೆ ಕುಕ್ಕಿದಳು. ಗಂಡನ ಕಡೆ ತಿರುಗಿ ಸೊಂಟಕ್ಕೆ ಕೈ ಇಟ್ಟಳು.

ಹಾತ್ಸುಮಿ: ಎಪ್ಪತ್ತೊಂಬತ್ತರಲ್ಲಿ ಇವರು ಏನು ಕೇಳ್ಕೊಂಡು ಬಂದಿದ್ರು, ನೆನಪಿದೆಯಾ?

ಮಿಜೊಬುಚಿ: ಯಾರಿಗೆ ನೆನಪಿರುತ್ತೆ?

ಹಾತ್ಸುಮಿ: ನನಗಿದೆ. ದೊಡ್ಡ ಕ್ಯಾಸೆಟ್ಟಿಂದು ಕೊಡಿ ಅಂದ್ರು. ನೀವು ಅದು ಇಟ್ಟಿಗೆ ಇದ್ದ ಹಾಗಿದೆ ಅಂತ ಬೀಟಾ ಕೊಟ್ರಿ. ಎಂಬತ್ತಮೂರರಲ್ಲಿ ಬೆಳಕಲ್ಲಿ ಓದೋ ತಟ್ಟೆ ಕೇಳಿದ್ರು. ಬೆಳಕನ್ನ ನಂಬಬಾರದು, ಮುಳ್ಳೇ ಗಟ್ಟಿ ಅಂದ್ರಿ. ಹೋದ ಸಲ ಪಾಪ, ಬ್ಲೂ-ರೇ ಅಂತ ಚೀಟಿಲಿ ಬರ್ಕೊಂಡು ಬಂದಿದ್ರು. ಆ ಚೀಟಿ ತಿರುಗಿಸಿ, ಹಿಂದುಗಡೆನೇ ನಕ್ಷೆ ಬರೆದು ತೋರಿಸಿದ್ರಲ್ಲ ನೀವು!

ಮಿಜೊಬುಚಿಗೆ ಆ ಚೀಟಿ ನೆನಪಾಯಿತು. ಎಷ್ಟು ಚೆನ್ನಾಗಿ ಬಂದಿತ್ತು ನಕ್ಷೆ! ಅವನ ಕಿವಿಗಳು ಕೆಂಪಾದವು. ಮೂವತ್ತು ವರ್ಷ ಹಳೆಯ ಗಿರಾಕಿಯನ್ನು ಶನಿ ಎಂದು ಬೈದದ್ದಾಯಿತು. ಶನಿ ಮಾತ್ರ ಗಲ್ಲಾಪೆಟ್ಟಿಗೆಯ ಹಿಂದೆಯೇ ಕೂತಿತ್ತು.

ಮಿಜೊಬುಚಿ: ಹಾಗಾದ್ರೆ... ನೀವು ಕೇಳಿದ್ದೆಲ್ಲ ಗೆದ್ದಿದ್ದೇ?

ತೊರಿಗೊಯೆ: ಇರ್ಬಹುದು. ನಾನು ಲೆಕ್ಕ ಇಟ್ಟಿಲ್ಲ.

ಮಿಜೊಬುಚಿ: ಮತ್ತೆ ನನ್ನ ಮಾತು ಯಾಕ್ರೀ ಕೇಳಿದ್ರಿ? ಬೇಡ ಅನ್ನೋಕೆ ಏನಾಗಿತ್ತು?

ತೊರಿಗೊಯೆ: ಎರಡು ಗಂಟೆ ಮಾತಾಡಿದ್ರಿ. ಊಟ ಬಿಟ್ಟು ಮಾತಾಡಿದ್ರಿ. ಕಣ್ಣಲ್ಲಿ ನೀರು ಬೇರೆ. ಅಂಥ ಮನುಷ್ಯನಿಗೆ ಬೇಡ ಅನ್ನೋದು ಹೇಗೆ? ನನ್ನ ಹೆಂಡ್ತಿ ಬದುಕಿದ್ದಾಗ ಅಂತಿದ್ಳು, ಸಿನಿಮಾ ಹೇಗಾದ್ರೂ ಇರ್ಲಿ, ಅಂಗಡೀಲಿ ನಿಮ್ಮನ್ನ ನೋಡಿದ್ದೇ ಚೆನ್ನಾಗಿತ್ತು ಅಂತ.

ಮಿಜೊಬುಚಿ ಮೂಗೊರೆಸಿಕೊಂಡು, ಚಹಾ ಲೋಟವನ್ನು ತಾನೇ ಎತ್ತಿ ಎರಡೂ ಕೈಯಿಂದ ತೊರಿಗೊಯೆಗೆ ಕೊಟ್ಟ. ತೊರಿಗೊಯೆ ಒಂದು ಗುಟುಕು ಕುಡಿದು ಗಂಟು ಬಿಚ್ಚಿದ. ದಪ್ಪ ಕಾಗದದ ಮಡಿಕೆಯಲ್ಲಿ ಎರಡು ಫೋಟೋ. ಒಂದರಲ್ಲಿ ಶ್ಯಾವಿಗೆ ಅಂಗಡಿಯ ಕಿಯೋ, ಇನ್ನೊಂದರಲ್ಲಿ ನದಿಯಾಚೆ ಹೂ ಜೋಡಿಸುವುದನ್ನು ಕಲಿಸುವ ಸವಾಕೊ. ಇಬ್ಬರೂ ಅರವತ್ತರ ಆಸುಪಾಸಿನವರು, ಇಬ್ಬರೂ ಗಂಡ ಸತ್ತವರು.

ತೊರಿಗೊಯೆ: ಇಬ್ಬರೂ ಒಳ್ಳೆಯೋರು. ಯಾರನ್ನ ನೋಡೋಕೆ ಹೋಗ್ಲಿ, ನೀವೇ ಹೇಳಿ.

ಮಿಜೊಬುಚಿ: ನೋಡಿ, ನನ್ನ ಕೇಳಿದ್ರೆ, ಬಾಳಿಕೆ ದೃಷ್ಟಿಯಿಂದ...

ಹಾತ್ಸುಮಿ: ಮುಚ್ರಿ ಬಾಯಿ! ಕ್ಯಾಸೆಟ್ಟು ಹೋದ್ರೆ ಹೋಗ್ಲಿ, ಇವು ಎರಡು ಜೀವ.

ತೊರಿಗೊಯೆ: ಹೇಳ್ಲಿ ಬಿಡಿ ಅಮ್ಮಾ. ಇವರನ್ನ ಕೇಳದೆ ನಾನು ಮನೆಗೆ ಏನೂ ತಂದಿಲ್ಲ.

ಮಿಜೊಬುಚಿ: ಏನೇ, ನಾನು ಆರಿಸಿದ್ದೆಲ್ಲ ಕೆಟ್ಟೇ ಹೋಗುತ್ತಾ? ನಿನ್ನ ಆರಿಸಿದ್ದೂ ನಾನೇ ಅಲ್ವಾ?

ಹಾತ್ಸುಮಿ: ನೀವಾ? ನೀವು ಯಾವತ್ತು ಆರಿಸಿದ್ರಿ? ಮದುವೆ ಮಾಡಿಸೋ ಅಜ್ಜಿ ಎರಡು ಫೋಟೋ ತಂದು ನನ್ನ ಮುಂದೆ ಇಟ್ಟಿದ್ದು.

ಮಿಜೊಬುಚಿ: ಎರಡಾ? ಇನ್ನೊಂದು ಯಾರದು?

ಹಾತ್ಸುಮಿ: ಬಿಡಿ, ಈಗ್ಯಾಕೆ.

ಮಿಜೊಬುಚಿ: ಯಾರದು ಹೇಳು!

ಹಾತ್ಸುಮಿ: ಹೆದ್ದಾರಿ ಪಕ್ಕ ಮೂರಂತಸ್ತಿನ ಟಿವಿ ಅಂಗಡಿ ಇದೆಯಲ್ಲ, ಎಸ್ಕಲೇಟರ್ ಇರೋದು. ಅದರ ಯಜಮಾನರದು.

ಮಿಜೊಬುಚಿ ಹೆದ್ದಾರಿಯ ದಿಕ್ಕಿಗೆ ತಿರುಗಿ ಕೆಕ್ಕರಿಸಿ ನೋಡಿದ. ಇಪ್ಪತ್ತು ವರ್ಷದಿಂದ ತನ್ನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಸೆಳೆದುಕೊಂಡ ಆ ಮನುಷ್ಯ!

ತೊರಿಗೊಯೆ: ಅಲ್ಲಮ್ಮಾ, ಅಂಥವರನ್ನ ಬಿಟ್ಟು ನೀವು ಇವರನ್ನ ಯಾಕೆ...

ಹಾತ್ಸುಮಿ: ಅವರು ಬಂದ್ರು, ಕೂತ್ರು, ಹತ್ತು ನಿಮಿಷದಲ್ಲಿ ಎದ್ದು ಹೋದ್ರು. ಇವರು ಟ್ರಾನ್ಸಿಸ್ಟರ್ ಬಗ್ಗೆ ಎರಡು ಗಂಟೆ ಮಾತಾಡಿದ್ರು. ಚಹಾ ಆರಿ ಹೋಯ್ತು. ನಮ್ಮಪ್ಪ ಕೂತಲ್ಲೇ ಗೊರಕೆ ಹೊಡೆದ್ರು. ಬೇಡ ಅನ್ನೋದು ಹೇಗೆ?

ಮಿಜೊಬುಚಿಗೆ ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ತೊರಿಗೊಯೆ ಮಾತ್ರ ದಾರಿ ಸಿಕ್ಕವನಂತೆ ನೆಟ್ಟಗೆ ಕೂತು, ಎರಡೂ ಫೋಟೋಗಳನ್ನು ಗಂಡ ಹೆಂಡಿರ ಮುಂದೆ ತಿರುಗಿಸಿ ಇಟ್ಟ.

ತೊರಿಗೊಯೆ: ಹಾಗಾದ್ರೆ ಇಷ್ಟೇ ಹೇಳ್ಬಿಡಿ. ಇವರಿಬ್ಬರಲ್ಲಿ ಜಾಸ್ತಿ ಮಾತಾಡೋದು ಯಾರು?

ಮೂವತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ ಗಂಡ ಹೆಂಡತಿ ಇಬ್ಬರ ಬೆರಳೂ ಒಂದೇ ಫೋಟೋ ಮೇಲೆ ಬಿದ್ದವು. ತೊರಿಗೊಯೆ ಜೇಬಿನಿಂದ ಬಿಳೀ ಟೈ ತೆಗೆದು ಕಟ್ಟಿಕೊಳ್ಳತೊಡಗಿದ.

ಹಾತ್ಸುಮಿ: ಅಲ್ರೀ, ಅವರಿನ್ನೂ ಹೂಂ ಅಂದಿಲ್ಲ!

ತೊರಿಗೊಯೆ: ಅವರ ಮಾತು ಮುಗಿದು ಹೂಂ ಅನ್ನೋಕೆ ಬಿಡುವಾಗ್ಬೇಕಲ್ಲಮ್ಮಾ. ಅಷ್ಟರಲ್ಲಿ ಟೈ ಕಟ್ಟಿ ಮುಗಿದಿರುತ್ತೆ.