ನಮ್ಮ ಮಾಮಾನ ಟಪಾಲು

ನಾನು ಪದವೀಧರಳಾಗುವುದು ಆಗದ ಮಾತು ಎಂದು ಹೇಳಿದವರು ಬೇರೆ ಯಾರೂ ಅಲ್ಲ, ನಮ್ಮ ಅವ್ವನ ತಮ್ಮ, ನನ್ನ ಸ್ವಂತ ಮಾಮಾ. ಬಾಯಿಂದ ಹೇಳಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಆದರೆ ಅವರು ಹೇಳಲಿಲ್ಲ, ರಿಜಿಸ್ಟರ್ಡ್ ಪೋಸ್ಟ್ ಮಾಡಿದರು! ಎಲ್ಲಿಂದ ಅಂತೀರಿ? ಯಲಬುರ್ಗಾದ ನಮ್ಮ ಮನೆಯಿಂದ ಎರಡು ಓಣಿ ದಾಟಿದರೆ ಸಿಗುವ ಅವರ ಮನೆಯಿಂದ!

ಅಂಚೆಯಣ್ಣ ಸಹಿ ಹಾಕಿಸಿಕೊಳ್ಳುತ್ತ ಅಂದ: “ನಿಮ್ಮ ಮಾಮಾ ದಿನಾ ಮುಂಜಾನಿ ನಿಮ್ಮನಿ ಮುಂದ ಹಾದೇ ಚಾ ಕುಡಿಯಾಕ ಹೋಗ್ತಾರಲ್ಲವಾ. ಕೈಯಾಗ ಕೊಟ್ಟು ಹೋದ್ರ ಏನ ಗಂಟ ಹೋಗ್ತಿತ್ತು?”

ಅವ್ವನಿಗೆ ಓದಲು ಬರುವುದಿಲ್ಲ. ಹೀಗಾಗಿ ನನ್ನ ಹಣೆಬರಹವನ್ನು ನಾನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು.

“ವಿಷಯ: ತಮ್ಮ ಮಗಳು ಕೊಪ್ಪಳದಲ್ಲಿ ಬಿ.ಎಸ್ಸಿ. ಓದುವ ಬಗ್ಗೆ. ಉಲ್ಲೇಖ: ಕಳೆದ ಹುಣ್ಣಿಮೆಗೆ ಹುಲಿಗಿಯಿಂದ ಬರುವಾಗ ಬಸ್ಸಿನಲ್ಲಿ ತಾವು ಆಡಿದ ಮಾತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಪರಿಶೀಲಿಸಲಾಗಿ, ಸದರಿ ಕುಟುಂಬದಲ್ಲಿ ಈವರೆಗೆ ಯಾರೂ ಪದವಿ ಪಡೆದ ಪೂರ್ವನಿದರ್ಶನ ಇರುವುದಿಲ್ಲವಾದ್ದರಿಂದ, ತಮ್ಮ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ ಎಂದು ತಿಳಿಸಲು ನಿರ್ದೇಶಿತನಾಗಿದ್ದೇನೆ.”

ನಿರ್ದೇಶಿತನಾಗಿದ್ದೇನಂತೆ! ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: “ಅವಗ ಹಿಂಗ ಬರಿ ಅಂತ ಯಾರ ಹೇಳ್ಯಾರ? ಹೆಂಡ್ತಿ ಹೇಳಿದ್ದ ಅವ ಕೇಳೂದಿಲ್ಲ, ನಾ ಹೇಳಿದ್ದಂತೂ ಮೊದಲ ಕೇಳೂದಿಲ್ಲ. ಮತ್ತ್ಯಾರು?”

ಉತ್ತರ ಯಾರಿಗೂ ಗೊತ್ತಿಲ್ಲ. ಮಾಮಾನಿಗೂ ಗೊತ್ತಿರಲಿಕ್ಕಿಲ್ಲ.

ಅಸಲು ಸಂಗತಿ ಇಷ್ಟೇ. ಮಾಮಾ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಜೊತೆಗೆ ಕವಿ. ಕವಿ ಎಂದು ಯಾರು ಹೇಳಿದರು ಅಂತ ಕೇಳಬೇಡಿ. ಅದನ್ನೂ ಅವರೇ ಹೇಳಿದ್ದು. ಒಬ್ಬ ಮನುಷ್ಯ ಗುಮಾಸ್ತನೂ ಕವಿಯೂ ಆಗಿರುವುದು ಅಪರಾಧವೇನಲ್ಲ. ಆದರೆ ನಮ್ಮ ಮಾಮಾನ ಒಳಗೆ ಉಪ್ಪಿನ ಡಬ್ಬಿಯ ಮುಚ್ಚಳ ಸಕ್ಕರೆ ಡಬ್ಬಿಗೆ ಬಿದ್ದುಬಿಟ್ಟಿತ್ತು. ಮನೆಯವರಿಗೆ ಬರೆಯುವ ಕಾಗದವೆಲ್ಲ ಕಚೇರಿಯ ಭಾಷೆಯಲ್ಲಿ. ಕಚೇರಿಗೆ ಬರೆಯುವ ಕಾಗದವೆಲ್ಲ ಪದ್ಯದಲ್ಲಿ! ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. “ಮನಿ ಮಂದಿ ಶಿಸ್ತಿನ್ಯಾಗ ಇರಬೇಕು, ಸಾಹೇಬರ ಮನಸ್ಸು ಕರಗಬೇಕು” ಎಂದರು. ಇಷ್ಟು ವರ್ಷದಲ್ಲಿ ಮನೆಯವರು ಶಿಸ್ತಿಗೆ ಬರಲಿಲ್ಲ, ಸಾಹೇಬರು ಯಾರೂ ಕರಗಲಿಲ್ಲ. ಆದರೂ ಟಪಾಲು ನಿಲ್ಲಲಿಲ್ಲ.

ನಿಶ್ಚಿತಾರ್ಥವಾದ ಮೇಲೆ ಮಾಮಾ ತಮ್ಮ ಹೆಂಡತಿಯಾಗಲಿದ್ದ ಗಂಗಾವತಿ ಕಡೆಯ ನಮ್ಮ ಅತ್ತಿಯವರಿಗೆ ಬರೆದ ಮೊದಲ ಪ್ರೇಮಪತ್ರ ನಮ್ಮ ಬಳಗದಲ್ಲಿ ಪ್ರಸಿದ್ಧ. “ವಿಷಯ: ತಮ್ಮ ಮೇಲೆ ನನಗೆ ಪ್ರೀತಿ ಉಂಟಾಗಿರುವ ಕುರಿತು. ಸದರಿ ಪ್ರೀತಿಯು ನಿಶ್ಚಿತಾರ್ಥದ ದಿನದಿಂದ ಜಾರಿಗೆ ಬಂದಿದ್ದು, ಮುಂದಿನ ಆದೇಶದವರೆಗೆ ಚಾಲ್ತಿಯಲ್ಲಿರುತ್ತದೆ. ತಮ್ಮ ಅಭಿಪ್ರಾಯವನ್ನು ಮರುಟಪಾಲಿನಲ್ಲಿ ಕಳಿಸುವುದು.” ಕಾಗದ ಸಿಕ್ಕಿದ್ದು ಅತ್ತಿಯ ಅಪ್ಪನ ಕೈಗೆ. ಪಾಪ, ಆ ಹಿರಿಯರು ಸಾಲಿ ಕಂಡವರಲ್ಲ. ಕಾಗದದ ಠೀವಿ ನೋಡಿಯೇ ಎದೆ ಧಸಕ್ಕೆಂದು, ಅದನ್ನು ಹಿಡಿದುಕೊಂಡು ವಕೀಲರ ಮನೆಗೆ ಓಡಿದರಂತೆ. “ಕಾಲುವಿ ಬಾಜೂಕಿನ ನಮ್ಮ ಗದ್ದಿ ಸರ್ಕಾರದವರು ತಗೊಳ್ಳಾಕ ಹತ್ಯಾರೇನ್ರಿ?”

ವಕೀಲರು ಎರಡು ಸಲ ಓದಿ ಕನ್ನಡಕ ತೆಗೆದರು. “ಗದ್ದಿ ಉಳೀತು ಯಜಮಾನ್ರ. ಮಗಳು ಹ್ವಾದ್ಲು ಅಂತ ತಿಳ್ಕೋರಿ.”

ಅತ್ತಿ ನಾಚಿಕೊಂಡು ಉತ್ತರ ಬರೆಯಲಿಲ್ಲ. ನಾಚಿಕೆ ಮಾಮಾನಿಗೆ ಅರ್ಥವಾಗಬೇಕಲ್ಲ? ಎಂಟು ದಿನ ಬಿಟ್ಟು ‘ನೆನಪೋಲೆ’ ಬಂತು. ಈಗಲೂ ಜಗಳವಾದಾಗ ಅತ್ತಿ ಅದನ್ನೇ ಎತ್ತಿ ಆಡುತ್ತಾರೆ: “ನನಗ ಲಗ್ನದ ಕರೆ ಬಂದಿಲ್ಲ ತಂಗಿ, ನೋಟಿಸ್ ಬಂದೈತಿ.”

ಗೆಳೆಯರೊಬ್ಬರ ಅತ್ತೆ ತೀರಿಕೊಂಡಾಗ ಬರೆದ ಸಾಂತ್ವನ ಇನ್ನೂ ಜೋರಾಗಿತ್ತು. “ತಮ್ಮ ಅತ್ತೆಯವರು ದಿವಂಗತರಾದ ವಿಷಯವನ್ನು ಗಮನಿಸಲಾಗಿದೆ. ಇಂಥ ಘಟನೆ ಮರುಕಳಿಸದಂತೆ ಎಚ್ಚರ ವಹಿಸುವುದು.” ಆ ಗೆಳೆಯರು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಬಿಡದೆ ಏನು ಮಾಡಿಯಾರು!

ಇನ್ನು ಕಚೇರಿಯ ಕಡೆಗೆ ಬನ್ನಿ. ಕಚೇರಿಯಲ್ಲಿ ಎಷ್ಟು ಕುರ್ಚಿ ಮುರಿದಿವೆ, ವರದಿ ಕೊಡಿ ಎಂದು ಮೇಲಿನವರು ಕೇಳಿದರು. ಒಂದು ಅಂಕಿ ಬರೆದು ಕಳಿಸಿದರೆ ಮುಗಿಯುವ ಕೆಲಸ. ಮಾಮಾ ಮೂರು ದಿನ ಕಿಟಕಿಯ ಹೊರಗಿನ ಬೇವಿನ ಗಿಡ ನೋಡುತ್ತ ಕುಳಿತು ಬರೆದದ್ದು ಇದು:

ಮುರಿದ ಕುರ್ಚಿಯೆ ಹೇಳು ನಿನ್ನನು
ತೊರೆದು ಹೋದವರಾರು ಕಾಲಿನ
ಕೊರಗ ಕೇಳುವ ಕಿವಿಗಳಿಲ್ಲವೆ ನಮ್ಮ ದಫ್ತರದೊಳ್

ಸಾಹೇಬರು ಅದರ ಮೇಲೆಯೇ ಕೆಂಪು ಶಾಯಿಯಲ್ಲಿ ‘ಒಟ್ಟು ಎಷ್ಟು?’ ಎಂದು ಬರೆದು ವಾಪಸು ಕಳಿಸಿದರು. ಮಾಮಾ ಅದರ ಕೆಳಗೆ ‘ಮುರಿಯದೆ ಉಳಿದುದೇನಿದೆ ಈ ಜಗದಲಿ?’ ಎಂದು ಬರೆದು ಮತ್ತೆ ಕಳಿಸಿದರು. ಕಾರಣ ಕೇಳಿ ನೋಟಿಸ್ ಬಂತು. ಅದಕ್ಕೂ ಷಟ್ಪದಿಯಲ್ಲೇ ಉತ್ತರ! ಕೊನೆಗೆ ಕುರ್ಚಿಗಳನ್ನು ಎಣಿಸಿದ್ದು ಕಚೇರಿಯ ಜವಾನ. ಮಾಮಾನಿಗೆ ಇದರ ಬಗ್ಗೆ ಪಶ್ಚಾತ್ತಾಪ? “ಎಣಸಾಕ ಯಾರಿಗೂ ಬರ್ತೈತಿ ಬೇ. ಅಳಸಾಕ ಬರಬೇಕು.”

ಪತ್ರಿಕೆಗಳಿಗೆ ಕವಿತೆ ಕಳಿಸುವಾಗ ಜೊತೆಗೊಂದು ಮುಖಪತ್ರ ಇರುತ್ತಿತ್ತು. “ಲಗತ್ತಿಸಿರುವ ವಿರಹಗೀತೆಯನ್ನು ಪರಾಂಬರಿಸಿ, ನಿಯಮಾನುಸಾರ ಪ್ರಕಟಿಸುವುದು. ತಪ್ಪಿದಲ್ಲಿ ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು.”

“ಸಂಪಾದಕರಿಗೆ ಮೇಲಧಿಕಾರಿ ಯಾರು ಮಾಮಾ?” ಎಂದೆ.

“ಓದುಗ!” ಎಂದು ಮೀಸೆ ತೀಡಿದರು. ವಿರಹಗೀತೆ ವಿರಹ ತಾಳಲಾರದೆ ಪ್ರತಿ ಸಲವೂ ಮನೆಗೇ ಮರಳಿತು.

ಇಂಥವರ ಅಪ್ಪಣೆ ನನಗೆ ಯಾಕೆ ಬೇಕಿತ್ತು ಅಂತೀರಾ? ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡ. ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ನನ್ನನ್ನು ಪಿಯುಸಿ ತನಕ ದಾಟಿಸಿದ್ದಳು. ಹೊಟ್ಟೆಯ ಮಾತು ಅವಳದು, ಆದರೆ ಮನೆಯ ದೊಡ್ಡ ಮಾತು ತಮ್ಮನ ಬಾಯಿಂದಲೇ ಬರಬೇಕು. ನಮ್ಮ ಮಂದಿಯ ಪದ್ಧತಿ ಹಾಗೆ. ಅಷ್ಟರಲ್ಲಿ ಕುಷ್ಟಗಿಯಿಂದ ಕಿರಾಣಿ ಅಂಗಡಿಯವರು ನನ್ನನ್ನು ಕೇಳಿಕೊಂಡು ಬಂದಿದ್ದರು. ಹುಡುಗ ಒಳ್ಳೆಯವನೇ ಇರಬಹುದು. ಆದರೆ ನನಗೆ ಬೆಲ್ಲ ತೂಗುವ ತಕ್ಕಡಿಗಿಂತ ಕಾಲೇಜಿನ ಪ್ರಯೋಗಾಲಯದ ತಕ್ಕಡಿ ನೋಡುವ ಆಸೆ ಇತ್ತು. ತಪ್ಪೇನು?

ಅವ್ವ ಅಂದಳು: “ಹೋಗಿ ಅವನ ಕಾಲ ಹಿಡಿ.”

ಕಾಲು ಹಿಡಿದು ಪ್ರಯೋಜನವಿರಲಿಲ್ಲ. ಬಾಯಿಮಾತು ಮಾಮಾನ ಲೆಕ್ಕದಲ್ಲಿ ದಾಖಲೆಯೇ ಅಲ್ಲ. ಆದರೆ ಅಂಚೆಯಲ್ಲಿ ಬಂದ ಕಾಗದವನ್ನು ಅವರು ವಿಚಾರಣೆ ಮಾಡದೆ ಎಂದೂ ಕೆಳಗಿಟ್ಟವರಲ್ಲ. ನಾನೂ ಒಂದು ಮೇಲ್ಮನವಿ ಬರೆದೆ. ರಿಜಿಸ್ಟರ್ಡ್ ಮಾಡಿದೆ! “ಪೂರ್ವನಿದರ್ಶನ ಇಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಯಾರಾದರೊಬ್ಬರು ಮೊದಲು ಮಾಡದ ಹೊರತು ಪೂರ್ವನಿದರ್ಶನ ಹುಟ್ಟುವುದಿಲ್ಲ ಎಂಬ ಅಂಶವನ್ನು ತಮ್ಮ ಅವಗಾಹನೆಗೆ ತರುತ್ತಾ, ಕುಷ್ಟಗಿಯ ಪ್ರಸ್ತಾವನೆಯನ್ನು ತಡೆಹಿಡಿಯಲು ಕೋರುತ್ತೇನೆ.”

ಅದನ್ನು ಓದಿ ಮಾಮಾ ಅಂಗಳದಲ್ಲಿ ತಿರುಗಾಡಿದ್ದೇ ತಿರುಗಾಡಿದ್ದಂತೆ. ಕೊನೆಗೆ ಅತ್ತಿಯ ಮುಂದೆ ಹೇಳಿದರಂತೆ: “ಹುಡುಗಿ ಕರಡು ಏನ್ ಬರದಾಳಲೇ! ನಮ್ಮ ಕಚೇರ್ಯಾಗ ಒಬ್ಬಗೂ ಹಿಂಗ ಬರಿಯಾಕ ಬರೂದಿಲ್ಲ.” ಮೂರನೇ ದಿನ ಅಂಚೆಯಲ್ಲಿ ಒಂದೇ ಪದ ಬಂತು: ‘ಮಂಜೂರು’. ನನ್ನ ಕಣ್ಣೀರಿಗಲ್ಲ, ಬುದ್ಧಿಗೂ ಅಲ್ಲ, ಬರೆದ ಕರಡಿಗೆ!

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪ್ರಯೋಗಾಲಯ ಮುಗಿಸಿ ಹೊರಟರೆ ಸಂಜೆ ಯಲಬುರ್ಗಾದ ಬಸ್ಸಿನ ಭರವಸೆ ಇರಲಿಲ್ಲ. ಕೊಪ್ಪಳದ ಹಾಸ್ಟೆಲಿನಲ್ಲಿ ಸೀಟು ಬೇಕಿತ್ತು, ಸೀಟಿಗೆ ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು. ಮಾಮಾ ಬರೆದು, ಅಂಟಿಸಿ, ನನ್ನ ಕೈಗೆ ಕೊಟ್ಟು ಕಳಿಸಿದರು. ಹಾಸ್ಟೆಲು ಸರ್ಕಾರದ್ದು. ಅಂದ ಮೇಲೆ ಒಳಗೆ ಏನಿರಬಹುದೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ವಾರ್ಡನ್ ಮೇಡಂ ಲಕೋಟೆ ಒಡೆದು ಗಟ್ಟಿಯಾಗಿ ಓದಿದರು:

ಅಕ್ಕನುದರದಿ ಜನಿಸಿ ಬಂದಿಹ
ಚಿಕ್ಕ ಚಂದಿರ ಕೊಪ್ಪಳದ ಕಡೆ
ಹಕ್ಕಿಯಂದದಿ ಹಾರುತಿರ್ಪಳು ನೋಡು ವಾರ್ಡನ್ನೇ

ಸಾಲಿನಲ್ಲಿ ನಿಂತಿದ್ದ ಹುಡುಗಿಯರೆಲ್ಲ ಬಾಯಿಗೆ ಓಢಣಿ ಹಿಡಿದರು. ಮೇಡಂ ಮಾತ್ರ ನಗಲಿಲ್ಲ. “ನೋಡು ಅಂತ! ನಾ ಏನ್ ಇವರ ತಂಗಿನಾ? ಮತ್ತ ಹುಡುಗಿ ಹಾರತಾಳ ಅಂತ ಮನಿಯವರ ಬರದು ಕೊಟ್ಟಾರ. ಹಾರೂ ಹುಡುಗ್ಯಾರನ್ನ ಇಟ್ಕೊಂಡು ನಾ ಕಂಪೌಂಡ್ ಕಾಯ್ಲೇನು? ಇವತ್ತ ಕಡೀ ದಿನ ಐತಿ. ಐದರೊಳಗ ಸರಿಯಾದ ಪತ್ರ ತರಬೇಕು, ಇಲ್ಲಾಂದ್ರ ಮುಂದಿನಾಕಿಗೆ ಸೀಟು.”

ಫೋನ್ ಮಾಡಿದೆ. “ಮಾಮಾ, ಕಾಗದ ಒಪ್ಪಲಿಲ್ಲ.”

“ಯಾವ ಸಾಲು?”

“ಎಲ್ಲಾ ಸಾಲೂ.”

ಆ ಕಡೆ ಸಿಟ್ಟು ಉಕ್ಕಿತು. “ನೋಟಿಸ್ ಬಂದಾಗ ಸುದ್ದಾ ಒಂದಕ್ಷರ ಬದಲಿ ಮಾಡಿದವ ಅಲ್ಲ ನಾ!”

ನನಗೂ ರೇಗಿತ್ತು. “ಹಂಗಾರ ಕುಷ್ಟಗಿಯವರಿಗೆ ಒಪ್ಪಿಗಿ ಕೊಟ್ಟುಬಿಡ್ರಿ. ಅವರು ಹೆಂಗ ಬರದ್ರೂ ತಗೋತಾರ!”

ಫೋನ್ ಕಟ್ಟಾಯಿತು. ನಾನು ಹಾಸ್ಟೆಲಿನ ಕಟ್ಟೆಯ ಮೇಲೆ ಕುಳಿತು ತಕ್ಕಡಿಗಳ ಬಗ್ಗೆ ಯೋಚಿಸತೊಡಗಿದೆ. ನಾಲ್ಕು ದಾಟಿತ್ತು. ನೋಡುತ್ತೇನೆ, ಗೇಟಿನಲ್ಲಿ ಮಾಮಾ! ಅಂಗಿ ಬೆವೆತು ಬೆನ್ನಿಗೆ ಅಂಟಿತ್ತು, ಒಂದು ಚಪ್ಪಲಿಯ ಉಂಗುಟ ಹರಿದಿತ್ತು.

ಮೇಡಂ ಅವರ ಮುಂದೆ ಬಿಳಿ ಹಾಳೆ ಇಟ್ಟರು. “ಎರಡ ಸಾಲು ಸೀದಾ ಬರೀರಿ ಸರ್. ಸಾಕು.”

ಸೀದಾ! ಮಾಮಾ ಪೆನ್ನು ಹಿಡಿದು ಕುಳಿತೇ ಕುಳಿತರು. ಇದು ಮನೆಯ ಕಾಗದವೂ ಹೌದು, ಕಚೇರಿಯ ಕಾಗದವೂ ಹೌದು. ಅವರ ಎರಡೂ ಭಾಷೆಗಳು ಒಮ್ಮೆಗೇ ಕೈಕೊಟ್ಟವು. ‘ಮೇಲ್ಕಂಡ’ ಎಂದು ಬರೆದು ಹೊಡೆದು ಹಾಕಿದರು. ‘ಎಲೆ ವಾರ್ಡನ್ನೇ’ ಎಂದು ಬರೆದು ಮೇಡಂ ಮುಖ ನೋಡಿ ಅದನ್ನೂ ಹೊಡೆದರು. ಒಂದು ಹಾಳೆ ಮುದ್ದೆಯಾಯಿತು, ಇನ್ನೊಂದೂ ಆಯಿತು. ಅಲ್ಲಿನ ಗುಮಾಸ್ತ ಕಪಾಟಿಗೆ ಕೀಲಿ ಹಾಕಲು ಎದ್ದ. ಆಗ ಮಾಮಾ ಗಡಬಡಿಸಿ ಬರೆದರು:

“ಈಕೆ ನನ್ನ ಅಕ್ಕನ ಮಗಳು. ಓದುತ್ತೇನೆ ಅಂತಾಳೆ. ಓದಲಿ. ಏನಾದರೂ ಬೇಕಾದರೆ ನನ್ನನ್ನು ಕೇಳಿರಿ, ನಾನಿದ್ದೇನೆ.”

ಮೇಡಂ ಓದಿ ಠಸ್ಸೆಂದು ಸಿಕ್ಕಾ ಹೊಡೆದರು. ಹೊರಗೆ ಬಂದ ಮೇಲೆ ಮಾಮಾನ ಮುಖ ಕದ್ದವನ ಮುಖದಂತಾಗಿತ್ತು. “ಅದನ್ನ ಮತ್ತ ಯಾರಿಗೂ ತೋರಸಬ್ಯಾಡ ತಂಗಿ. ಪ್ರಾಸ ಇಲ್ಲ, ಉಲ್ಲೇಖ ಇಲ್ಲ. ನಾಕ ಮಂದ್ಯಾಗ ಮಾನ ಹೋಗ್ತೈತಿ.”

ನಾನು ಹಾಸ್ಟೆಲಿನಲ್ಲಿ ಇದ್ದಷ್ಟು ಕಾಲವೂ ಅವರ ಸುತ್ತೋಲೆಗಳು ತಪ್ಪಲಿಲ್ಲ. ‘ಚಳಿಗಾಲದಲ್ಲಿ ಸ್ವೆಟರ್ ಧರಿಸುವ ಬಗ್ಗೆ.’ ‘ಹಾಸ್ಟೆಲಿನ ಸಾರು ನೀರಾಗಿರುವ ಕುರಿತು ಮಾಹಿತಿ ಒದಗಿಸುವ ಬಗ್ಗೆ.’ ಕೋಣೆಯ ಗೆಳತಿಯರು ಅವುಗಳನ್ನು ಸರದಿಯ ಮೇಲೆ ಓದಿ ಬಿದ್ದು ಬಿದ್ದು ನಗುತ್ತಿದ್ದರು. ಒಂದು ಸೆಮಿಸ್ಟರಿನಲ್ಲಿ ನಾನು ರಸಾಯನಶಾಸ್ತ್ರದಲ್ಲಿ ಫೇಲಾದೆ. ಕಾರಣ ಕೇಳಿ ನೋಟಿಸ್ ಬಂದೇ ಬರುತ್ತದೆಂದು ಎಲ್ಲರೂ ಕಾದೆವು. ಆ ವಾರ ಮಾತ್ರ ಏನೂ ಬರಲಿಲ್ಲ. ಅಂಚೆಯವರೇ ಮುಷ್ಕರ ಹೂಡಿರಬೇಕು ಎಂದು ಗೆಳತಿಯರು ನಕ್ಕರು.

ಆ ಪೇಪರನ್ನು ಮತ್ತೆ ಕಟ್ಟಿ ಪಾಸಾದೆ. ಉಳಿದದ್ದೂ ಮುಗಿಯಿತು. ಕಾಲೇಜಿನಲ್ಲಿ ಪದವಿ ಪ್ರಮಾಣಪತ್ರ ಕೊಡುವ ದಿನ ಅವ್ವ, ಅತ್ತಿ, ಮಾಮಾ ಮೂವರೂ ಯಲಬುರ್ಗಾದ ಬಸ್ಸಿನಿಂದ ಇಳಿದರು. ಅವ್ವ ಹೊಸ ಇಳಕಲ್ ಸೀರೆ ಉಟ್ಟಿದ್ದಳು; ಮಾಮಾನ ಜೇಬಿನಲ್ಲಿ ಮಡಿಸಿದ ಹಾಳೆಗಳ ದಪ್ಪನೆಯ ಕಟ್ಟು. ಅತ್ತಿ ನನ್ನ ಕಿವಿಯಲ್ಲಿ ಉಸುರಿದರು: “ನಿನ್ನ ಮ್ಯಾಲ ಬರದಾರವ್ವಾ. ಓದಾಕ ಬಿಟ್ರ ಇವತ್ತ ಬಸ್ ಸಿಗೂದಿಲ್ಲ.”

ಪ್ರಾಂಶುಪಾಲರು ಹೆಸರು ಕರೆದು ಕೈಗೆ ಕೊಟ್ಟರು. ನಾನು ವರಾಂಡಕ್ಕೆ ಬಂದು ಅವ್ವನ ಕೈಗೆ ಕೊಟ್ಟೆ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ತಮ್ಮನ ಕೈಗೆ ಕೊಟ್ಟಳು. ಇನ್ನೇನು, ಷಟ್ಪದಿ ಶುರುವಾಗುತ್ತದೆಂದು ನಾವೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡು ನಿಂತೆವು.

ಮಾಮಾ ಜೇಬಿಗೆ ಕೈ ಹಾಕಲಿಲ್ಲ. ಎರಡೂ ಅಂಗೈ ಅಂಗಿಗೆ ಒರೆಸಿಕೊಂಡು ಕಾಗದ ಹಿಡಿದರು. ಮೇಲಿನಿಂದ ಕೆಳಗಿನ ತನಕ ಓದಿದರು. ತುದಿಯನ್ನು ಹೆಬ್ಬೆರಳಿನಿಂದ ಸವರಿದರು, ಮತ್ತೆ ಸವರಿದರು.

“ನಾನೂ ಅಂಚೆ ಮ್ಯಾಲ ಬಿಎ ಕಟ್ಟಿದ್ನಿ ತಂಗಿ,” ಎಂದರು ಮೆಲ್ಲಗೆ. “ನಿಮ್ಮತ್ತಿ ಬರೂಕಿಂತ ಮೊದಲ. ವರ್ಷಾ ವರ್ಷಾ ಕಟ್ತಿದ್ನಿ. ವರ್ಷಾ ಒಂದ ತೆಳ್ಳನ್ನ ಲಕೋಟಿ ಬರ್ತಿತ್ತು.”

ಅತ್ತಿ ಥಟ್ಟನೆ ಅವರ ಮುಖ ನೋಡಿದರು. ಅವರಿಗೂ ಅದು ಹೊಸ ಸುದ್ದಿ. ಅವ್ವನಿಗೂ.

ಮಾಮಾ ಯಾರ ಕಡೆಗೂ ನೋಡಲಿಲ್ಲ.

“ಪಾಸಾದವರ ಕಾಗದ ಹಿಂಗ ದಪ್ಪ ಇರ್ತೈತೇನು!” ಎಂದರು. “ನಾ ಮುಟ್ಟಿ ನೋಡೇ ಇರಲಿಲ್ಲ ನೋಡವಾ.”