ತೋಡಿನ ಬದಿಯ ಕೆಂಪು ಗೆರೆ

ಕೆಂಪು ಪೇಂಟಿನ ಡಬ್ಬಿ ಹಿಡಿದು ಮಂಗಳೂರಿನ ಗಲ್ಲಿಗಳಲ್ಲಿ ತಿರುಗುವ ಹೆಂಗಸು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗಿಯೇ ಗೇಟು ತೆಗೆದು ಹೊರಗೆ ಬರುತ್ತದೆ. ನಾನು ಕಟ್ಟಡದ ಪರವಾನಗಿ ಕೊಡುವ ಆಫೀಸಿನ ಸರ್ವೇಯರ್. ನೆರೆ ನೀರು ಎಲ್ಲಿಯವರೆಗೆ ಏರಿತ್ತೆಂದು ಊರವರನ್ನು ಕೇಳಿ ಗೋಡೆಗೆ ಗೆರೆ ಎಳೆಯುತ್ತೇನೆ. ಹೊಸ ಮನೆಯ ನೆಲ ಆ ಗೆರೆಗಿಂತ ಮೇಲಿರಬೇಕು, ಮಳೆನೀರು ಹರಿಯುವ ತೋಡಿನ ಬದಿಯ ತಗ್ಗು ಜಾಗಕ್ಕೆ ಮಣ್ಣು ತುಂಬಿಸಬಾರದು. ಈ ಕೆಲಸದ ಬಗ್ಗೆ ನನಗೆ ಬಹಳ ಹೆಮ್ಮೆ, ಅದನ್ನೇನೂ ಮುಚ್ಚಿಡುವುದಿಲ್ಲ.

೧. ಪಾದ ಒದ್ದೆಯಾದದ್ದು

ಉಳ್ಳಾಲದಲ್ಲಿ ಮೀನು ಮಾರುವ ಅಜ್ಜಿಯೊಬ್ಬರನ್ನು ಕೇಳಿದೆ, "ಹಿಂದೆ ದೊಡ್ಡ ನೆರೆ ಬಂದಾಗ ಇಲ್ಲಿ ಎಷ್ಟು ನೀರಿತ್ತು ಅಜ್ಜಿ?"

"ಎಂತ ನೀರು ಮಗಾ! ನನ್ನ ಪಾದ ಮಾತ್ರ ಒದ್ದೆಯಾಗಿತ್ತು."

ನೆಲದಿಂದ ನಾಲ್ಕು ಬೆರಳು ಮೇಲೆ ಗೆರೆ ಎಳೆದೆ. ಪೇಂಟು ಒಣಗುವವರೆಗೂ ನೋಡುತ್ತಾ ಕೂತಿದ್ದ ಅಜ್ಜಿ ನಿಟ್ಟುಸಿರು ಬಿಟ್ಟರು.

"ಪಾಪ, ಅಪ್ಪನಿಗೇ ಕಷ್ಟ ಆದದ್ದು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರಲ್ಲ!"

ಅಂದಿನಿಂದ ನನ್ನ ಮೊದಲ ಪ್ರಶ್ನೆ, "ಆಗ ನೀವು ಎಲ್ಲಿ ಕೂತಿದ್ದಿರಿ?"

೨. ಟೀಚರ ಸ್ಕೇಲು

ಇನ್ನೊಂದು ಮನೆಯ ಗೇಟು ತೆಗೆದವರು ಎಂಟನೇ ಕ್ಲಾಸಿನಲ್ಲಿ ನನಗೆ ಗಣಿತ ಕಲಿಸಿದ್ದ, ಕೊಂಕಣಿ ಮನೆಮಾತಿನ ಟೀಚರ್. ಗೋಡೆಗೆ ಗೆರೆ ಎಳೆದದ್ದಕ್ಕೆ ಬೈಯುತ್ತಾರೆಂದು ಹೆದರಿದ್ದೆ. ಬೈದರು ಕೂಡ.

"ನೀರು ಹೀಗೆ ಓರೆಯಾಗಿ ನಿಲ್ತದಾ? ನಿನ್ನ ಕೈ ಆಗಲೂ ಹೀಗೆಯೇ ಇತ್ತು!"

ಒಳಗಿನಿಂದ ಮರದ ಸ್ಕೇಲು ತಂದು ಕೊಟ್ಟು, ಅಳಿಸಿ ಮೂರು ಸಲ ಎಳೆಸಿದರು. ಈಗ ಇಡೀ ಊರಿನಲ್ಲಿ ಅಷ್ಟು ನೆಟ್ಟಗಿನ ನೆರೆ ಬೇರೆಲ್ಲೂ ಬಂದಿಲ್ಲ.

೩. ಬಿಲ್ಡರರ ಗೋಡೌನು

ಕುದ್ರೋಳಿಯಲ್ಲಿ ತೋಡಿನ ಬದಿಯ ತಗ್ಗು ಜಾಗಕ್ಕೆ ಮಣ್ಣು ತುಂಬಿಸಿ ಅಪಾರ್ಟ್‌ಮೆಂಟ್ ಕಟ್ಟಲು ಒಬ್ಬ ಬಿಲ್ಡರ್ ಅರ್ಜಿ ಹಾಕಿದ್ದರು. ಮಣ್ಣು ಬಿದ್ದರೆ ನೀರೆಲ್ಲ ಹಿಂದಿನ ಗಲ್ಲಿಯ ಮನೆಗಳಿಗೆ ನುಗ್ಗುವುದು ಖಂಡಿತ. ಅಲ್ಲಿನ ಗೋಡೆಗೆ ನಾನು ಸೊಂಟದೆತ್ತರಕ್ಕೆ ಗೆರೆ ಎಳೆದಿದ್ದೆ. ಅದು ತಪ್ಪೆಂದು ಬಿಲ್ಡರ್ ದೂರು ಕೊಟ್ಟರು. ನೋಡಲು ನಮ್ಮ ಸಾಹೇಬರೇ ಬಂದರು. ಗೆರೆ ಅಳಿಸಿದರೆ ಗಲ್ಲಿಯೂ ಹೋಯಿತು, ನನ್ನ ಮರ್ಯಾದೆಯೂ ಹೋಯಿತು ಎಂದುಕೊಂಡು ಟೇಪು ಹಿಡಿದು ಅವರ ಹಿಂದೆ ಹೋದೆ.

"ಇಲ್ಲಿ ಒಂದು ಹನಿ ನೀರು ನಿಲ್ಲುವುದಿಲ್ಲ ಸರ್. ಮೇಡಂಗೆ ಯಾರೋ ಕತೆ ಹೇಳಿದ್ದಾರೆ" ಎಂದರು ಬಿಲ್ಡರ್.

ಬಿಸಿಲು ತಾಳಲಾರದೆ ಸಾಹೇಬರು ಅದೇ ಜಾಗದಲ್ಲಿದ್ದ ಬಿಲ್ಡರರ ಹಳೆಯ ಗೋಡೌನಿನೊಳಗೆ ಹೋದರು. ಅಲ್ಲಿ ಕೆಂಪುಕಲ್ಲು ಪೇರಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಸಿಮೆಂಟಿನ ಮೂಟೆಗಳನ್ನು ಇಟ್ಟಿದ್ದರು.

"ಇಷ್ಟು ಎತ್ತರ ಎಂತಕ್ಕೆ ಮಾರಾಯ?" ಎಂದು ಸಾಹೇಬರು ಅಲ್ಲಿದ್ದ ವಾಚ್‌ಮನ್‌ನನ್ನು ಕೇಳಿದರು.

"ಮಳೆಗಾಲದಲ್ಲಿ ನೀರು ಬರ್ತದಲ್ಲ ಸರ್! ಓನರೇ ನಿಂತು ಅಳತೆ ಹಿಡಿದು ಮಾಡಿಸಿದ್ದು. ಇಷ್ಟರವರೆಗೆ ಒಂದು ಮೂಟೆಯೂ ಒದ್ದೆಯಾಗಲಿಲ್ಲ" ಎಂದ ವಾಚ್‌ಮನ್, ಓನರರ ಬುದ್ಧಿವಂತಿಕೆ ಸಾಹೇಬರಿಗೂ ತಿಳಿಯಲಿ ಎಂಬ ಅಭಿಮಾನದಿಂದ.

ಸಾಹೇಬರು ನನ್ನಿಂದ ಟೇಪು ತೆಗೆದುಕೊಂಡು ಮೊದಲು ಹಲಗೆಯನ್ನು, ಆಮೇಲೆ ಗೆರೆಯನ್ನು ತಾವೇ ಅಳೆದರು.

"ಮಣ್ಣು ತುಂಬಿಸುವ ಅರ್ಜಿ ಇಲ್ಲಿಗೇ ಮುಗಿಯಿತು" ಎಂದರು ಸಾಹೇಬರು. "ಆದರೆ ನಿಮ್ಮ ದೂರು ಸರಿಯೇ ಉಂಟು, ಮೇಡಂ ಎಳೆದ ಗೆರೆ ತಪ್ಪು. ನಿಮ್ಮ ಹಲಗೆಗಿಂತ ಒಂದು ಗೇಣು ಕೆಳಗೆ ಉಂಟು."